ಚಿಪ್ ಕೆಲ್ಲಿಯ ವೇಗ ಮುಗ್ಗರಿಸಿದ್ದು ಎಲ್ಲಿ?

ಸೀಸನ್ನಿನ ಕೊನೆಯ ಪಂದ್ಯ ಇನ್ನೂ ಬಾಕಿ ಇರುವಾಗಲೇ, 2015ರ ಡಿಸೆಂಬರ್ 29ರಂದು, ಅಮೆರಿಕನ್ ಫುಟ್‌ಬಾಲಿನ ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಜೆಫ್ರಿ ಲೂರಿ ತಮ್ಮ ಮುಖ್ಯ ಕೋಚ್ ಚಿಪ್ ಕೆಲ್ಲಿಯನ್ನು ಮನೆಗೆ ಕಳಿಸಿದರು. ತಂಡ ಆರು ಗೆದ್ದು ಒಂಬತ್ತು ಸೋತಿತ್ತು. ಮೂರು ವರ್ಷದ ಹಿಂದೆ ಅವರನ್ನು ಕಾಲೇಜು ತಂಡವೊಂದರಿಂದ ಕರೆತಂದಾಗ, ಈ ಮನುಷ್ಯ ಎನ್‌ಎಫ್‌ಎಲ್ (ಆ ಆಟದ ವೃತ್ತಿಪರ ಲೀಗ್) ಆಡುವ ರೀತಿಯನ್ನೇ ಬದಲಿಸಿಬಿಡುತ್ತಾರೆ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಮೊದಲ ಎರಡು ಸೀಸನ್‌ಗಳಲ್ಲಿ ತಲಾ 10 ಪಂದ್ಯ ಗೆದ್ದು ಅದು ನಿಜವಾಗುತ್ತಿದೆ ಅನ್ನುವ ಹಾಗೆಯೂ ಕಂಡಿತ್ತು.

ಕೆಲಸ ಹೋದ ಮೇಲೆ ಕೇಳಿಬಂದ ವಿವರಣೆ ಒಂದೇ: ಕಾಲೇಜು ಹುಡುಗರ ಗಿಮಿಕ್ಕು ದೊಡ್ಡವರ ಲೀಗ್‌ನಲ್ಲಿ ನಡೆಯಲಿಲ್ಲ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕೆಲ್ಲಿ ತಂದ ಪ್ಲೇಗಳನ್ನು, ಅಂದರೆ ಮೊದಲೇ ಯೋಜಿಸಿಟ್ಟ ನಡೆಗಳನ್ನು, ಇವತ್ತು ಎನ್‌ಎಫ್‌ಎಲ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ತಂಡಗಳೂ ಆಡುತ್ತವೆ. ವೇಗವಾಗಿ ಆಡುವುದೂ ತಪ್ಪಲ್ಲ, ಅವರಿಗಿಂತ ಮೊದಲೂ ಆಡಿ ಗೆದ್ದವರಿದ್ದರು. ಆದರೆ ಆ ವೇಗ ಸಾಧಿಸಲು ಅವರು ಕೆಲವನ್ನು ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದೇ ಅವರನ್ನು ಸೋಲಿಸಿತು.

ಆಟದ ಪರಿಚಯ ಇಲ್ಲದವರಿಗೆ ಇಷ್ಟು ಸಾಕು. ಚೆಂಡು ಕೈಯಲ್ಲಿರುವ ಪಕ್ಷ ಅಫೆನ್ಸ್, ತಡೆಯುವ ಪಕ್ಷ ಡಿಫೆನ್ಸ್, ಇಬ್ಬರ ಕಡೆಯೂ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಹತ್ತು ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಒಂದು ಪ್ಲೇ ಮುಗಿದ ಮೇಲೆ ಮುಂದಿನದನ್ನು ಶುರುಮಾಡಲು 40 ಸೆಕೆಂಡು ಕಾಲಾವಕಾಶ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಅಫೆನ್ಸ್‌ನ ಹನ್ನೊಂದು ಜನ ಗುಂಪುಗೂಡಿ ಮುಂದಿನ ಪ್ಲೇ ಏನೆಂದು ಕೇಳಿಸಿಕೊಳ್ಳುತ್ತಾರೆ. ಇದು ಹಡಲ್. ಕೆಲ್ಲಿ ಹಡಲ್ಲನ್ನೇ ಕೈಬಿಟ್ಟರು. ಅವರ ತಂಡ 22ರಿಂದ 24 ಸೆಕೆಂಡಿಗೊಂದು ಪ್ಲೇ ಆಡುತ್ತಿತ್ತು. ಎದುರಾಳಿ ಉಸಿರು ತಗೊಂಡು ತಲೆಯೆತ್ತುವಷ್ಟರಲ್ಲಿ ಚೆಂಡು ಮತ್ತೆ ಆಟದಲ್ಲಿ.

ಅಷ್ಟು ಬೇಗ ಆಡಬೇಕಾದರೆ ಪ್ಲೇಗಳು ಕಮ್ಮಿ ಇರಬೇಕು, ಹೆಸರು ಚಿಕ್ಕದಿರಬೇಕು, ಯಾರೂ ಯೋಚಿಸುತ್ತ ನಿಲ್ಲಬಾರದು. ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಕೆಲ್ಲಿಯ ಸಹಾಯಕರು ಬೌಂಡರಿ ಬದಿಯಲ್ಲಿ ದೊಡ್ಡ ದೊಡ್ಡ ಚಿತ್ರಗಳ ಬೋರ್ಡ್ ಎತ್ತಿ ಹಿಡಿಯುತ್ತಿದ್ದರು; ಆಟಗಾರರು ಅತ್ತ ಒಮ್ಮೆ ನೋಡಿ ಸಾಲಿಗೆ ನಿಂತುಬಿಡುತ್ತಿದ್ದರು. 2009ರಿಂದ 2012ರವರೆಗೆ ಅಲ್ಲಿ ಅವರ ದಾಖಲೆ 46 ಗೆಲುವು, 7 ಸೋಲು. 2011ರ ಜನವರಿಯ ರಾಷ್ಟ್ರೀಯ ಫೈನಲ್ಲಿನಲ್ಲಿ ಆಬರ್ನ್ ವಿರುದ್ಧ 22-19ರಲ್ಲಿ ಸೋತರು, ಅಷ್ಟೇ ಅಂತರ.

ಅವರ ಆಟದ ತಿರುಳು ಝೋನ್ ರೀಡ್ ಅನ್ನುವ ಪ್ಲೇ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಮುಂದಿನ ಎಲ್ಲ ತೊಂದರೆಯೂ ಇದರೊಳಗೇ ಇದೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಮೊದಲು ಪಡೆದು ಎಸೆಯುವ ಇಲ್ಲವೇ ಇನ್ನೊಬ್ಬರಿಗೆ ಕೊಡುವ ಆಟಗಾರ, ಲೈನಿನಿಂದ ನಾಲ್ಕೈದು ಯಾರ್ಡ್ ಹಿಂದೆ ನಿಂತಿರುತ್ತಾರೆ, ಇದಕ್ಕೆ ಶಾಟ್‌ಗನ್ ಎನ್ನುತ್ತಾರೆ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಅವರ ಎಡಗಡೆ ಪಕ್ಕದಲ್ಲಿ ನಿಂತಿದ್ದಾರೆ ಅಂದುಕೊಳ್ಳಿ. ಚೆಂಡು ಹಿಂದಕ್ಕೆ ಬರುತ್ತಿದ್ದಂತೆ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಐವರು ಲೈನ್‌ಮನ್‌ಗಳೂ ಒಟ್ಟಿಗೆ ಬಲಕ್ಕೆ ಹೆಜ್ಜೆ ಹಾಕುತ್ತಾರೆ. ರನ್ನಿಂಗ್ ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಮುಂದಿನಿಂದ ಹಾದು ಬಲಕ್ಕೆ ಓಡುತ್ತಾರೆ. ಎಡತುದಿಯಲ್ಲಿರುವ ಎದುರಾಳಿ ಡಿಫೆನ್ಸಿವ್ ಎಂಡ್ ಅನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಕಣ್ಣು ಆತನೊಬ್ಬನ ಮೇಲೆ. ಆತ ರನ್ನಿಂಗ್ ಬ್ಯಾಕ್ ಹಿಂದೆ ಓಡಿದರೆ ಚೆಂಡನ್ನು ತಾನೇ ಇಟ್ಟುಕೊಂಡು ಖಾಲಿಯಾದ ಎಡಕ್ಕೆ ನುಗ್ಗುವುದು. ಆತ ಅಲ್ಲೇ ನಿಂತರೆ ಚೆಂಡನ್ನು ಬ್ಯಾಕ್ ಕೈಗೆ ಕೊಡುವುದು. ಡಿಫೆನ್ಸ್‌ನ ಒಬ್ಬನನ್ನು ಮುಟ್ಟದೆಯೇ ಆಟದಿಂದ ಹೊರಗಿಟ್ಟ ಹಾಗಾಯಿತು, ಉಳಿದ ಕಡೆ ತಡೆಯಲು ಒಬ್ಬ ಲೈನ್‌ಮನ್ ಹೆಚ್ಚುವರಿಯಾಗಿ ಸಿಕ್ಕ. ಬಹಳ ಚೆಂದದ ಲೆಕ್ಕ. ಆದರೆ ಕ್ವಾರ್ಟರ್‌ಬ್ಯಾಕ್ ಓಡಬಲ್ಲ ಅನ್ನುವ ಭಯ ಎದುರಾಳಿಗೆ ಇದ್ದಾಗ ಮಾತ್ರ ಈ ಲೆಕ್ಕ ಕೂಡುತ್ತದೆ.

2013ರ ಸೆಪ್ಟೆಂಬರ್ 9ರ ಸೋಮವಾರ ರಾತ್ರಿ ವಾಷಿಂಗ್ಟನ್ ವಿರುದ್ಧ ಕೆಲ್ಲಿಯ ಮೊದಲ ಎನ್‌ಎಫ್‌ಎಲ್ ಪಂದ್ಯ. ಮೊದಲಾರ್ಧದಲ್ಲೇ ಈಗಲ್ಸ್ 53 ಪ್ಲೇ ಆಡಿತು. ಇಡೀ ಪಂದ್ಯಕ್ಕೆ 64ರ ಆಸುಪಾಸು ಆಡುವುದು ಲೀಗ್‌ನಲ್ಲಿ ಸಾಮಾನ್ಯ. ವಿರಾಮದ ಹೊತ್ತಿಗೆ 26-7 ಮುನ್ನಡೆ. ರನ್ನಿಂಗ್ ಬ್ಯಾಕ್ ಲಶಾನ್ ಮೆಕಾಯ್ ಆ ರಾತ್ರಿ 184 ಯಾರ್ಡ್ ಓಡಿದರು. ಎಲ್ಲರ ನೆನಪಿನಲ್ಲಿ ಉಳಿದದ್ದು ಆ ಮೊದಲಾರ್ಧ. ಎರಡನೆಯ ಅರ್ಧದಲ್ಲಿ ವಾಷಿಂಗ್ಟನ್ ಹತ್ತಿರ ಹತ್ತಿರ ಬಂದು ಪಂದ್ಯ 33-27ರಲ್ಲಿ ಮುಗಿಯಿತು ಅನ್ನುವುದನ್ನು ಹೆಚ್ಚಿನವರು ಮರೆತಿದ್ದಾರೆ.

ಆ ವರ್ಷ ಆದದ್ದೆಲ್ಲ ಸುಳ್ಳಲ್ಲ. ಮೆಕಾಯ್ 1,607 ಯಾರ್ಡ್ ಓಡಿ ಲೀಗ್‌ನಲ್ಲಿ ಮೊದಲಿಗರಾದರು. ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ 27 ಟಚ್‌ಡೌನ್ (ಆರು ಅಂಕದ ಗಳಿಕೆ) ಎಸೆದು ಎರಡೇ ಬಾರಿ ಚೆಂಡನ್ನು ಎದುರಾಳಿ ಕೈಗೆ ಕೊಟ್ಟರು. ಮೂರು ಗೆದ್ದು ಐದು ಸೋತಿದ್ದ ತಂಡ ಮುಂದಿನ ಎಂಟರಲ್ಲಿ ಏಳು ಗೆದ್ದು ತನ್ನ ಡಿವಿಷನ್ನಿನ (ನಾಲ್ಕು ತಂಡಗಳ ಗುಂಪಿನ) ಪ್ರಶಸ್ತಿ ಪಡೆಯಿತು. ಇದರ ಹಿಂದೆ ವೇಗದಷ್ಟೇ ದೊಡ್ಡ ಕಾರಣ ಇನ್ನೊಂದಿತ್ತು: ಜೇಸನ್ ಪೀಟರ್ಸ್, ಇವಾನ್ ಮ್ಯಾಥಿಸ್, ಜೇಸನ್ ಕೆಲ್ಸಿ, ಟಾಡ್ ಹೆರೆಮನ್ಸ್, ಲೇನ್ ಜಾನ್ಸನ್ ಎಂಬ ಐವರು ಲೈನ್‌ಮನ್‌ಗಳು 16 ಪಂದ್ಯಗಳಲ್ಲೂ ಒಬ್ಬರೂ ತಪ್ಪದೆ ಮೊದಲ ಹನ್ನೊಂದರಲ್ಲಿ ಇದ್ದರು. ಐದು ಜನ ಒಂದೇ ಹೆಜ್ಜೆಯಲ್ಲಿ ಸರಿಯಬೇಕಾದ ಪ್ಲೇಗೆ ಇದಕ್ಕಿಂತ ದೊಡ್ಡ ಅದೃಷ್ಟ ಇಲ್ಲ. ಆ ಅದೃಷ್ಟ ಮತ್ತೆ ಬರಲಿಲ್ಲ.

ಕಾಲೇಜಿಗೂ ಎನ್‌ಎಫ್‌ಎಲ್‌ಗೂ ವ್ಯತ್ಯಾಸ ಎಂದಾಗ ಎಲ್ಲರೂ ಆಟಗಾರರ ಮೈಕಟ್ಟಿನ ಮಾತಾಡುತ್ತಾರೆ. ನಿಜವಾದ ವ್ಯತ್ಯಾಸ ನಿಯಮಗಳಲ್ಲಿತ್ತು. ಆಗ ಕಾಲೇಜಿನಲ್ಲಿ ಹೆಲ್ಮೆಟ್ಟಿನೊಳಗೆ ರೇಡಿಯೋ ಇರಲಿಲ್ಲ. ಕೆಲ್ಲಿಯ ಹುಡುಗರು ಬೋರ್ಡ್ ನೋಡಿ ಸಾಲು ನಿಲ್ಲುವಷ್ಟರಲ್ಲಿ ಎದುರಾಳಿ ಡಿಫೆನ್ಸ್‌ನವರು ಇನ್ನೂ ತಮ್ಮ ಕೋಚ್‌ನ ಕೈಸನ್ನೆಗಾಗಿ ಬೌಂಡರಿ ಕಡೆ ಕತ್ತು ತಿರುಗಿಸಿಕೊಂಡಿರುತ್ತಿದ್ದರು. ಆರೆಗಾನ್‌ನ ಅರ್ಧ ಲಾಭ ಬಂದದ್ದು ಆ ಗೊಂದಲದಿಂದ. ಎನ್‌ಎಫ್‌ಎಲ್‌ನಲ್ಲಿ 2008ರಿಂದಲೇ ಡಿಫೆನ್ಸ್‌ನ ಒಬ್ಬ ಆಟಗಾರನ ಹೆಲ್ಮೆಟ್ಟಿನಲ್ಲೂ ರೇಡಿಯೋ ಇದೆ. ಆ 40 ಸೆಕೆಂಡಿನ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡು ಉಳಿಯುವವರೆಗೆ ಕೋಚ್ ನೇರ ಅವನ ಕಿವಿಯಲ್ಲಿ ಮಾತಾಡಬಹುದು. ಈಗಲ್ಸ್ 40ರಲ್ಲಿ 22 ಸೆಕೆಂಡು ಬಳಸಿ ಚೆಂಡು ಎತ್ತುವ ಹೊತ್ತಿಗೆ ಆ ರೇಡಿಯೋ ಇನ್ನೂ ಚಾಲೂ ಇರುತ್ತದೆ. ಅಂದರೆ ಅವರ ವೇಗವೇ ಎದುರಾಳಿ ಕೋಚ್‌ಗೆ ಕೊನೆಯ ಕ್ಷಣದವರೆಗೆ ಮಾತಾಡುವ ಅವಕಾಶ ಕೊಡುತ್ತಿತ್ತು.

ಅಂಪೈರ್‌ಗಳ ವಿಷಯವೂ ಹಾಗೇ. ಆಟದ ಗತಿ ನಿರ್ಧರಿಸುವವರು ಅಧಿಕಾರಿಗಳು, ತಂಡಗಳಲ್ಲ ಎಂದು ಲೀಗ್ 2013ರಲ್ಲಿ ಸೀಸನ್ ಶುರುವಾಗುವ ಮೊದಲೇ ಸ್ಪಷ್ಟಪಡಿಸಿತ್ತು. ಅಫೆನ್ಸ್ ಒಬ್ಬ ಆಟಗಾರನನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಸಮಯ ಸಿಗುವವರೆಗೆ ಅಂಪೈರ್ ಚೆಂಡಿನ ಬಳಿಯೇ ನಿಲ್ಲುತ್ತಾರೆ. ಹಾಗಾಗಿ ವೇಗ ಬೇಕೆಂದರೆ ಅದೇ ಹನ್ನೊಂದು ಜನರನ್ನು ಮೈದಾನದಲ್ಲಿ ಇಟ್ಟುಕೊಳ್ಳಬೇಕು. ಅದೇ ಹನ್ನೊಂದು ಜನ ಅಂದರೆ ಅವೇ ನಾಲ್ಕಾರು ಪ್ಲೇಗಳು.

ಮೈದಾನದ ಅಗಲ ಎರಡೂ ಕಡೆ ಒಂದೇ, 160 ಅಡಿ. ಆದರೆ ಪ್ಲೇ ಶುರುವಾಗುವ ಜಾಗವನ್ನು ಸೂಚಿಸುವ ಹ್ಯಾಶ್ ಗುರುತುಗಳು ಕಾಲೇಜಿನಲ್ಲಿ 40 ಅಡಿ ದೂರ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಇನ್ನೊಂದು ಬದಿಗೆ 100 ಅಡಿ ಬಯಲು ಸಿಗುತ್ತದೆ. ಎನ್‌ಎಫ್‌ಎಲ್‌ನಲ್ಲಿ ಸಿಗುವುದು 89 ಅಡಿ ಚಿಲ್ಲರೆ. ಬದಿಗೆ ಹರಡಿ ಓಡಿಸುವ ಅಫೆನ್ಸ್‌ಗೆ ಆ ಹನ್ನೊಂದು ಅಡಿ ಚಿಕ್ಕದೇನಲ್ಲ, ಅಲ್ಲಿನ ಡಿಫೆನ್ಸ್‌ನವರು ಅದನ್ನು ಮೂರು ಹೆಜ್ಜೆಯಲ್ಲಿ ಮುಚ್ಚುತ್ತಾರೆ. ಓಟ ಅಥವಾ ಪಾಸ್ ಎರಡರಲ್ಲಿ ಒಂದನ್ನು ಕೊನೆಯ ಕ್ಷಣದಲ್ಲಿ ಆರಿಸುವ ಪ್ಲೇಗಳಲ್ಲೂ ಇದೇ ಬಿಗಿ. ಪಾಸ್ ಎಸೆಯುವಾಗ ಲೈನ್‌ಮನ್‌ಗಳು ಕಾಲೇಜಿನಲ್ಲಿ ಮೂರು ಯಾರ್ಡ್ ಮುಂದೆ ಹೋಗಿರಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಯಾರ್ಡ್.

ಇನ್ನು ಎಲ್ಲರೂ ಜಗಳವಾಡಿದ ಸಮಯದ ಪ್ರಶ್ನೆ. ಕೆಲ್ಲಿಯ ಮೂರೂ ವರ್ಷ ಚೆಂಡನ್ನು ಅತಿ ಕಡಿಮೆ ಹೊತ್ತು ಇಟ್ಟುಕೊಂಡ ತಂಡ ಈಗಲ್ಸ್, 32ರಲ್ಲಿ 32ನೆಯದು. ಎಷ್ಟು ನಿಮಿಷ ಅನ್ನುವುದು ಮುಖ್ಯವಲ್ಲ, ಎಷ್ಟು ಪ್ಲೇ ಅನ್ನುವುದು ಮುಖ್ಯ ಎಂದು ಅವರು ಪ್ರತಿ ಬಾರಿಯೂ ಉತ್ತರಿಸುತ್ತಿದ್ದರು. ಅರ್ಧ ಸರಿ. ತಮ್ಮ ಅಫೆನ್ಸ್ ಮಟ್ಟಿಗೆ ನೋಡಿದರೆ ಪ್ಲೇಗಳ ಎಣಿಕೆಯೇ ಸರಿಯಾದ ಅಳತೆ. ಆದರೆ ಅದೇ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತಿರುವ ತಮ್ಮದೇ ಡಿಫೆನ್ಸ್‌ಗೆ ವಿಶ್ರಾಂತಿಯ ಅಳತೆ ನಿಮಿಷಗಳಲ್ಲೇ. ಹತ್ತು ಪ್ಲೇಗಳ ಒಂದು ಒಳ್ಳೆಯ ಡ್ರೈವ್, ಅಂದರೆ ಅಫೆನ್ಸ್‌ನ ಒಂದು ಸರದಿ, ತಗೊಳ್ಳಿ. ನಡುವೆ ಒಂಬತ್ತು ಬಿಡುವು. ಬೇರೆ ತಂಡ 36 ಸೆಕೆಂಡು ತಗೊಳ್ಳುವಲ್ಲಿ ಇವರು 22 ತಗೊಂಡರೆ ಪ್ರತಿ ಬಿಡುವಿನಲ್ಲೂ 14 ಸೆಕೆಂಡು ಕಮ್ಮಿ, ಒಟ್ಟು 126. ಅಫೆನ್ಸ್ ಚೆನ್ನಾಗಿ ಆಡಿದರೂ ಡಿಫೆನ್ಸ್‌ಗೆ ಎರಡು ನಿಮಿಷದ ಉಸಿರು ಖೋತಾ. ಒಂದು ಓಟ, ಎರಡು ತಪ್ಪಿದ ಪಾಸ್ ಆದರಂತೂ ಗಡಿಯಾರದಲ್ಲಿ 40 ಸೆಕೆಂಡೂ ಕಳೆದಿರುವುದಿಲ್ಲ, ನೀರು ಕುಡಿದು ಹೆಲ್ಮೆಟ್ ಕೆಳಗಿಟ್ಟವರು ಮತ್ತೆ ಎದ್ದು ಓಡಬೇಕು.

ಎದುರಾಳಿಗಳು ಇದನ್ನು ಕಂಡುಕೊಳ್ಳಲು ಒಂದೇ ವಾರ ಸಾಕಾಯಿತು. ವಾಷಿಂಗ್ಟನ್ ಪಂದ್ಯದ ಮುಂದಿನ ಭಾನುವಾರವೇ ಸ್ಯಾನ್ ಡಿಯಾಗೋ ಚಾರ್ಜರ್ಸ್ ಚೆಂಡನ್ನು ಸುಮಾರು 40 ನಿಮಿಷ ತನ್ನ ಬಳಿಯೇ ಇಟ್ಟುಕೊಂಡು 33-30ರಲ್ಲಿ ಗೆದ್ದಿತು. 2014ರ ಡಿಸೆಂಬರ್ 7ರಂದು ಸಿಯಾಟಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸುಮಾರು 42 ನಿಮಿಷ ಚೆಂಡು ಅವರ ಕೈಯಲ್ಲಿ. ಈಗಲ್ಸ್ ಇಡೀ ಪಂದ್ಯದಲ್ಲಿ ಗಳಿಸಿದ್ದು 139 ಯಾರ್ಡ್. 9-3ರಲ್ಲಿದ್ದ ತಂಡ ಅಲ್ಲಿಂದ ಸತತ ಮೂರು ಸೋತು ಪ್ಲೇಆಫ್ ಕಳಕೊಂಡಿತು.

ಇದಕ್ಕಿಂತ ಆಳದ ಲೆಕ್ಕ ಒಂದಿದೆ. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರ ಸರದಿ ಬಂದೇ ಬರುತ್ತದೆ. ಹಾಗಾಗಿ ವೇಗವಾಗಿ ಆಡಿದರೆ ನಿಮಗೊಬ್ಬರಿಗೇ ಹೆಚ್ಚು ಸರದಿ ಸಿಗುವುದಿಲ್ಲ, ಎದುರಾಳಿಗೂ ಅಷ್ಟೇ ಸಿಗುತ್ತದೆ. ಸರದಿಗಳು ಹೆಚ್ಚಿದಷ್ಟೂ ಮೇಲುಗೈ ಇರುವ ತಂಡಕ್ಕೆ ಲಾಭ. ಆರೆಗಾನ್‌ಗೆ ತನ್ನ ವಲಯದ ಹೆಚ್ಚಿನ ತಂಡಗಳಿಗಿಂತ ಚುರುಕಾದ ಹುಡುಗರಿದ್ದರು, ಆದ್ದರಿಂದ ಪಂದ್ಯ ಉದ್ದವಾದಷ್ಟೂ ಅಂತರ ಬೆಳೆಯುತ್ತಿತ್ತು. ಎನ್‌ಎಫ್‌ಎಲ್ ಅನ್ನು ಕಟ್ಟಿರುವುದೇ ತಂಡಗಳನ್ನು ಸಮ ಮಾಡಲು. ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ ಸೋತ ತಂಡಕ್ಕೆ ಮೊದಲ ಆಯ್ಕೆ. ಸಂಬಳಕ್ಕೆ ಎಲ್ಲರಿಗೂ ಒಂದೇ ಮಿತಿ, 2015ರಲ್ಲಿ ಸುಮಾರು 14.3 ಕೋಟಿ ಡಾಲರ್. ಕಾಲೇಜಿನಲ್ಲಿ 85 ಸ್ಕಾಲರ್‌ಶಿಪ್ ಆಟಗಾರರಿದ್ದ ಕಡೆ ಇಲ್ಲಿ ಪಂದ್ಯದ ದಿನ ಸಜ್ಜಾಗಿ ಇಳಿಯುತ್ತಿದ್ದವರು 46. ಸಮಬಲರ ನಡುವೆ ವೇಗ ಯಾರ ಪರವೂ ಅಲ್ಲ. ತಂಡ ಕೊಂಚ ದುರ್ಬಲವಾದರೆ ಅದೇ ವೇಗ ಸೋಲನ್ನು ದೊಡ್ಡದು ಮಾಡುತ್ತದೆ.

ಹಾಗಾದರೆ ವೇಗದಿಂದ ಗೆದ್ದವರು ಹೇಗೆ ಗೆದ್ದರು? ತೊಂಬತ್ತರ ದಶಕದ ಆರಂಭದಲ್ಲಿ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿಯ ಬಫಲೋ ಬಿಲ್ಸ್ ಹಡಲ್ ಇಲ್ಲದೆ ಆಡುತ್ತಲೇ ಸತತ ನಾಲ್ಕು ಸೂಪರ್ ಬೌಲ್ (ಲೀಗ್‌ನ ಫೈನಲ್) ತಲುಪಿತು. ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಇಂಡಿಯಾನಾಪೊಲಿಸ್‌ನಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿದರು. ನ್ಯೂ ಇಂಗ್ಲೆಂಡ್‌ನ ಆಗಿನ ಕೋಚ್ ಬಿಲ್ ಬೆಲಿಚಿಕ್ ಇದೇ ಚಿಪ್ ಕೆಲ್ಲಿಯನ್ನು ಕರೆಸಿಕೊಂಡು ಒಂದೇ ಪದದಲ್ಲಿ ಪ್ಲೇ ಕೂಗುವ ಪದ್ಧತಿ ಕಲಿತರು. ಆ ತಂಡಗಳಲ್ಲೆಲ್ಲ ಸಾಲಿನಲ್ಲಿ ನಿಂತ ಕ್ವಾರ್ಟರ್‌ಬ್ಯಾಕ್‌ಗೆ ಎದುರಿನ ಡಿಫೆನ್ಸ್ ನೋಡಿ ಪ್ಲೇ ಬದಲಿಸುವ ಅಧಿಕಾರ ಇತ್ತು. ಮ್ಯಾನಿಂಗ್ ಹಡಲ್ ಬಿಟ್ಟದ್ದು ಆತುರಕ್ಕಲ್ಲ, ನೋಡಲು ಹೆಚ್ಚು ಸಮಯ ಸಿಗಲೆಂದು. ಈಗಲ್ಸ್‌ನಲ್ಲಿ ಪ್ಲೇ ಬರುತ್ತಿದ್ದದ್ದು ಕೆಲ್ಲಿಯಿಂದ, ಬಂದದ್ದನ್ನು ಆಡಬೇಕು. ಎದುರಿಗೆ ಎಂಟು ಜನ ಗುಂಪುಗಟ್ಟಿ ಓಟಕ್ಕೇ ಕಾಯುತ್ತಿದ್ದರೂ ಓಟವೇ. ತಂಡದಿಂದ ಹೊರಬಿದ್ದ ಗಾರ್ಡ್ ಇವಾನ್ ಮ್ಯಾಥಿಸ್, ಅಫೆನ್ಸ್ ಬೆಳೆಯಲೇ ಇಲ್ಲ, ತಮ್ಮದೇ ಡಿಫೆನ್ಸ್ ಮೇಲೆ ಹೊರೆ ಹೇರಿತು ಎಂದು ಬಹಿರಂಗವಾಗಿಯೇ ದೂರಿದರು.

ಬದಲಿಸುವ ಅಧಿಕಾರ ಇಲ್ಲದ ಮೇಲೆ ಪ್ಲೇ ಗುಟ್ಟಾಗಿಯಾದರೂ ಇರಬೇಕಿತ್ತು. ಅದೂ ಇರಲಿಲ್ಲ. ಝೋನ್ ರೀಡ್‌ನಲ್ಲಿ ರನ್ನಿಂಗ್ ಬ್ಯಾಕ್ ಎಡಕ್ಕೆ ನಿಂತರೆ ಓಟ ಬಲಕ್ಕೆ ಎಂದು ಮೇಲೆ ನೋಡಿದೆವಲ್ಲ, ಎದುರಾಳಿ ಕೋಚ್‌ಗಳೂ ಅದನ್ನೇ ನೋಡಿದರು. ಎರಡು ವರ್ಷದ ವಿಡಿಯೋ ಅವರ ಮುಂದಿತ್ತು, ಡಿವಿಷನ್ನಿನ ಮೂರು ತಂಡಗಳಂತೂ ವರ್ಷಕ್ಕೆರಡು ಬಾರಿ ಎದುರಾಗುತ್ತಿದ್ದವು. ಗಂಟೆಗೆ 150 ಕಿಲೋಮೀಟರ್ ವೇಗದ ಬೌಲರ್ ಆದರೂ ಚೆಂಡು ಎಲ್ಲಿ ಬೀಳುತ್ತದೆಂದು ಬ್ಯಾಟ್ಸ್‌ಮನ್‌ಗೆ ಮೊದಲೇ ತಿಳಿದುಹೋದರೆ ಬೌಂಡರಿಗೆ ಹೋಗುತ್ತದೆ. ವೇಗಕ್ಕಾಗಿ ಪ್ಲೇ ಕಮ್ಮಿ ಮಾಡಿದರು, ಕಮ್ಮಿ ಮಾಡಿದ್ದರಿಂದ ಓದಲು ಸುಲಭವಾಯಿತು, ಓದಿಸಿಕೊಂಡ ಮೇಲೆ ವೇಗವಾಗಿ ಸೋತರು. ಈ ಗಂಟನ್ನು ಬಿಡಿಸಲು ಕೆಲ್ಲಿಗೆ ಆಗಲಿಲ್ಲ. ವೇಗ ತಗ್ಗಿಸಿ ಪ್ಲೇ ಹೆಚ್ಚಿಸುವ ದಾರಿ ಇತ್ತು, ಅವರು ಆ ಕಡೆ ತಿರುಗಲಿಲ್ಲ.

ತಿರುಗಿದ್ದು ಆಟಗಾರರ ಕಡೆ. 2015ರ ಜನವರಿಯಲ್ಲಿ ತಂಡದ ಆಯ್ಕೆಯ ಅಧಿಕಾರವನ್ನೂ ಲೂರಿ ಅವರಿಗೇ ವಹಿಸಿ, ಜನರಲ್ ಮ್ಯಾನೇಜರ್ ಆಗಿದ್ದ ಹೋವಿ ರೋಸ್‌ಮನ್ ಅವರನ್ನು ಬದಿಗೆ ಸರಿಸಿದರು. 2013ರಲ್ಲಿ ಪಾಸ್ ಹಿಡಿದು 1,332 ಯಾರ್ಡ್ ಗಳಿಸಿದ್ದ ಡಿಶಾನ್ ಜಾಕ್ಸನ್ ಅವರನ್ನು 2014ರಲ್ಲೇ ಬಿಟ್ಟುಬಿಟ್ಟಾಗಿತ್ತು. ಈಗ ಮೆಕಾಯ್ ಬಫಲೋಗೆ ಹೋದರು, ಬದಲಿಗೆ ಬಂದದ್ದು ಡಿಫೆನ್ಸ್‌ನ ಲೈನ್‌ಬ್ಯಾಕರ್ ಕೀಕೋ ಅಲೊನ್ಸೊ. ಫೋಲ್ಸ್ ಸೇಂಟ್ ಲೂಯಿಗೆ ಹೋದರು, ಬಂದವರು ಸ್ಯಾಮ್ ಬ್ರಾಡ್‌ಫರ್ಡ್. ಒಂದೇ ಎಡ ಮೊಣಕಾಲಿನ ಲಿಗಮೆಂಟ್ ಎರಡು ಬಾರಿ ಹರಿದುಕೊಂಡಿದ್ದ ಕ್ವಾರ್ಟರ್‌ಬ್ಯಾಕ್ ಅವರು. ಅವರು ಓಡುತ್ತಾರೆ ಎಂದು ಯಾವ ಡಿಫೆನ್ಸಿವ್ ಎಂಡೂ ಹೆದರಲಿಲ್ಲ. ಹೆದರದವನು ಅನುಮಾನಿಸದೆ ರನ್ನಿಂಗ್ ಬ್ಯಾಕ್ ಬೆನ್ನು ಹತ್ತುತ್ತಾನೆ, ಝೋನ್ ರೀಡ್‌ನ ಲೆಕ್ಕ ಅಲ್ಲಿಗೇ ಮುರಿಯುತ್ತದೆ. ಸಾಲದ್ದಕ್ಕೆ ಇಂಥ ಪ್ಲೇಯಲ್ಲಿ ಓಡುವ ಆಯ್ಕೆ ಇರುವ ಕ್ವಾರ್ಟರ್‌ಬ್ಯಾಕ್ ಅನ್ನು ಓಟಗಾರ ಎಂದೇ ಪರಿಗಣಿಸಿ ಬೀಳಿಸಬಹುದು. ಆ ಆಗಸ್ಟಿನ ಅಭ್ಯಾಸ ಪಂದ್ಯವೊಂದರಲ್ಲಿ ಬಾಲ್ಟಿಮೋರ್‌ನ ಟೆರೆಲ್ ಸಗ್ಸ್ ಬ್ರಾಡ್‌ಫರ್ಡ್ ಕಾಲಿಗೇ ನುಗ್ಗಿದಾಗ ಈ ಅಪಾಯ ಎಲ್ಲರಿಗೂ ಕಣ್ಣಾರೆ ಕಂಡಿತು.

ಮೆಕಾಯ್ ಜಾಗಕ್ಕೆ ಐದು ವರ್ಷಕ್ಕೆ 4 ಕೋಟಿ ಡಾಲರ್ ಕೊಟ್ಟು ಡಿಮಾರ್ಕೊ ಮರ್ರಿಯನ್ನು ತಂದರು. 2014ರಲ್ಲಿ ಡಲ್ಲಾಸ್ ಪರ 1,845 ಯಾರ್ಡ್ ಓಡಿ ಲೀಗ್‌ಗೇ ಮೊದಲಿಗರಾಗಿದ್ದವರು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಆದರೆ ಡಲ್ಲಾಸ್‌ನಲ್ಲಿ ಅವರು ಹೆಚ್ಚಾಗಿ ಓಡುತ್ತಿದ್ದದ್ದು ಕ್ವಾರ್ಟರ್‌ಬ್ಯಾಕ್ ಹಿಂದೆ ಆರೇಳು ಯಾರ್ಡ್ ದೂರದಿಂದ, ಲೈನಿಗೆ ಎದುರಾಗಿ. ಚೆಂಡು ಕೈಗೆ ಬರುವ ಹೊತ್ತಿಗೆ ಪೂರ್ತಿ ವೇಗದಲ್ಲಿ ಮುಂದೆ ಸಾಗುತ್ತಿರುತ್ತಿದ್ದರು, ಯಾವ ಸಂದಿಯಲ್ಲಿ ನುಗ್ಗಬೇಕೆಂದು ದೂರದಿಂದಲೇ ಕಾಣುತ್ತಿತ್ತು. ಕೆಲ್ಲಿಯ ಶಾಟ್‌ಗನ್ನಿನಲ್ಲಿ ಅವರು ಪಕ್ಕದಲ್ಲಿ ನಿಂತು ಅಡ್ಡಕ್ಕೆ ಹೆಜ್ಜೆ ಇಟ್ಟು, ಚೆಂಡು ತಗೊಂಡು, ಆಮೇಲೆ ಮುಂದಕ್ಕೆ ತಿರುಗಬೇಕು. ಮೆಕಾಯ್ ಅಡ್ಡಕ್ಕೆ ಜಾರಿ ಒಂದೇ ಹೆಜ್ಜೆಯಲ್ಲಿ ದಿಕ್ಕು ಬದಲಿಸುವವರು, ಅವರಿಗೆ ಇದು ಹೇಳಿ ಮಾಡಿಸಿದ್ದು. ಮರ್ರಿ ಹಾಗಲ್ಲ. ಸೆಪ್ಟೆಂಬರ್ 20ರಂದು ತಮ್ಮ ಹಳೆಯ ಡಲ್ಲಾಸ್ ವಿರುದ್ಧ 13 ಬಾರಿ ಚೆಂಡು ಹಿಡಿದು ಅವರು ಓಡಿದ್ದು ಎರಡು ಯಾರ್ಡ್. ಇಡೀ ತಂಡದ ಓಟ ಏಳು ಯಾರ್ಡ್. ವರ್ಷದ ಕೊನೆಗೆ ಅವರ ಮೊತ್ತ 702.

ಅವರೊಬ್ಬರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಸಂಬಳದ ತಕರಾರಿನ ನಡುವೆ ಮ್ಯಾಥಿಸ್ ಅವರನ್ನು ಜೂನ್‌ನಲ್ಲಿ ಬಿಡಲಾಗಿತ್ತು, ಹೆರೆಮನ್ಸ್ ಅದಕ್ಕೂ ಮೊದಲೇ ಹೋಗಿದ್ದರು. 2013ರ ಆ ಐವರು ಲೈನ್‌ಮನ್‌ಗಳಲ್ಲಿ ಇಬ್ಬರು ಗಾರ್ಡ್‌ಗಳೂ (ನಡುವಿನವನ ಎಡಬಲಕ್ಕೆ ನಿಲ್ಲುವವರು) ಇಲ್ಲ. 2014 ಮತ್ತು 2015ರ ಡ್ರಾಫ್ಟ್‌ಗಳಲ್ಲಿ ಈಗಲ್ಸ್ ಅಫೆನ್ಸ್ ಲೈನ್‌ಗೆ ಒಬ್ಬನನ್ನೂ ಆರಿಸಿರಲಿಲ್ಲ. ಐವರ ಹೆಜ್ಜೆಯ ಮೇಲೆ ನಿಂತ ಆಟಕ್ಕೆ ಐವರನ್ನು ಬೆಳೆಸದೆ ಇದ್ದದ್ದು ನನ್ನ ಪ್ರಕಾರ ಕೆಲ್ಲಿಯ ಕಾಲದ ಅತಿ ದೊಡ್ಡ ತಪ್ಪು. ವೇಗದ ಬಗ್ಗೆ ಬರೆದವರು ಇದರ ಬಗ್ಗೆ ಸಾಕಷ್ಟು ಬರೆಯಲಿಲ್ಲ.

ನವೆಂಬರ್ ಹೊತ್ತಿಗೆ ದಣಿವು ಮೈದಾನದಲ್ಲೇ ಕಾಣುತ್ತಿತ್ತು. ಕೆಲ್ಲಿ ನಿದ್ದೆ, ಹೃದಯಬಡಿತ, ಊಟ ಎಲ್ಲವನ್ನೂ ಅಳೆಸುತ್ತಿದ್ದರು, ಆಟಗಾರರ ದೇಹದ ಕಾಳಜಿಯಲ್ಲಿ ಅವರು ತಮ್ಮ ಕಾಲಕ್ಕಿಂತ ಮುಂದಿದ್ದರು. ಆದರೆ ಬೇರೆ ತಂಡಗಳು ರಜೆ ಕೊಡುವ ಮಂಗಳವಾರವೂ ಇವರಲ್ಲಿ ಅಭ್ಯಾಸ, ಪಂದ್ಯದ ಹಿಂದಿನ ದಿನ ಶನಿವಾರವೂ ವೇಗದ ಅಭ್ಯಾಸ. ಅಳತೆಗಳು ಏನೇ ಹೇಳಿರಲಿ, ನವೆಂಬರ್ 22ರಂದು ಟ್ಯಾಂಪಾ ಬೇ ವಿರುದ್ಧ 45-17ರ ಸೋಲು, ನಾಲ್ಕು ದಿನ ಬಿಟ್ಟು ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್ ವಿರುದ್ಧ 45-14ರ ಸೋಲು. ಎರಡರಲ್ಲೂ ಎದುರಾಳಿ ಕ್ವಾರ್ಟರ್‌ಬ್ಯಾಕ್ ಐದೈದು ಟಚ್‌ಡೌನ್ ಎಸೆದರು. ನಡುವೆ ನ್ಯೂ ಇಂಗ್ಲೆಂಡನ್ನು ಅವರ ನೆಲದಲ್ಲೇ 35-28ರಲ್ಲಿ ಸೋಲಿಸಿದರೂ, ಡಿಸೆಂಬರ್ 20ರಂದು ಅರಿಜೋನಾ 40-17ರಲ್ಲಿ, ಮರುವಾರ ವಾಷಿಂಗ್ಟನ್ 38-24ರಲ್ಲಿ ಅವರನ್ನು ಸೋಲಿಸಿದವು. ಅಲ್ಲಿಗೆ ಮುಗಿಯಿತು. ಮುಂದಿನ ಕೋಚ್‌ನಲ್ಲಿ ಆಟಗಾರರ ಮನಸ್ಸು ಅರಿಯುವ ಗುಣ ಬೇಕು ಎಂದು ಲೂರಿ ಹೇಳಿದ್ದರಲ್ಲಿ, ಆ ಡ್ರೆಸ್ಸಿಂಗ್ ರೂಮಿನಲ್ಲಿ ಏನು ಕೆಟ್ಟಿತ್ತು ಅನ್ನುವುದಕ್ಕೂ ಉತ್ತರವಿತ್ತು.

ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಅವರನ್ನು ತಕ್ಷಣ ಕರೆದುಕೊಂಡಿತು. 2016ರಲ್ಲಿ ಎರಡು ಗೆಲುವು, ಹದಿನಾಲ್ಕು ಸೋಲು, ಅದರಲ್ಲಿ ಹದಿಮೂರು ಸತತವಾಗಿ. ಗೆದ್ದ ಎರಡೂ ರ‍್ಯಾಮ್ಸ್ ವಿರುದ್ಧ. ಎದುರಾಳಿಗಳು ಪಂದ್ಯಕ್ಕೆ ಸರಾಸರಿ 165ಕ್ಕೂ ಹೆಚ್ಚು ಯಾರ್ಡ್ ಅವರ ಮೇಲೆ ಓಡಿದರು. ದುರ್ಬಲ ತಂಡದ ಕೈಗೆ ವೇಗ ಕೊಟ್ಟರೆ ಏನಾಗುತ್ತದೆ ಅನ್ನುವ ಆ ಸರದಿ ಲೆಕ್ಕ ಅಲ್ಲಿ ಪೂರ್ತಿ ಬಿಚ್ಚಿಕೊಂಡಿತು. 2017ರ ಜನವರಿ 1ರಂದು ಅಲ್ಲೂ ಕೆಲಸ ಹೋಯಿತು.

ಅತ್ತ ಫಿಲಡೆಲ್ಫಿಯಾದಲ್ಲಿ ಡಗ್ ಪೀಡರ್ಸನ್ ಕೋಚ್ ಆದರು, ಫೋಲ್ಸ್ ಹಿಂತಿರುಗಿದರು. 2017ರ ಡಿಸೆಂಬರ್‌ನಲ್ಲಿ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಗಾಯಗೊಂಡಾಗ ಪೀಡರ್ಸನ್, ಫೋಲ್ಸ್‌ಗೆ ಚೆನ್ನಾಗಿ ಒಗ್ಗಿದ್ದ ಓಟ-ಪಾಸ್ ಆಯ್ಕೆಯ ಪ್ಲೇಗಳನ್ನು ಹೆಚ್ಚು ಬಳಸಿದರು. ಕೆಲ್ಲಿಯ ಕಾಲದಲ್ಲಿ ಅವರು ಆಡಿ ಪಳಗಿದ್ದ ಬಗೆಯವೇ ಅವು, ಆದರೆ ಬೇರೆ ನೂರು ಪ್ಲೇಗಳ ನಡುವೆ ಬೆರೆಸಿ, ಬೇಕಾದಾಗ ನಿಧಾನಿಸಿ. 2018ರ ಫೆಬ್ರವರಿ 4ರಂದು ನ್ಯೂ ಇಂಗ್ಲೆಂಡ್ ವಿರುದ್ಧ 41-33ರಲ್ಲಿ ಈಗಲ್ಸ್ ಮೊದಲ ಸೂಪರ್ ಬೌಲ್ ಗೆದ್ದಾಗ ಲೈನಿನಲ್ಲಿ ಕೆಲ್ಸಿ, ಜಾನ್ಸನ್ ಇದ್ದರು. ಕೆಲ್ಲಿ ಆಮೇಲೆ ಕಾಲೇಜು ಆಟಕ್ಕೆ ಮರಳಿದರು. 2024ರಲ್ಲಿ ಒಹಾಯೊ ಸ್ಟೇಟ್‌ನ ಅಫೆನ್ಸ್ ಅವರ ಕೈಯಲ್ಲಿತ್ತು, ಆ ವರ್ಷದ ರಾಷ್ಟ್ರೀಯ ಪ್ರಶಸ್ತಿಯನ್ನು ತಂಡ ನಾಟರ್ ಡೇಮ್ ವಿರುದ್ಧ 34-23ರಲ್ಲಿ ಗೆದ್ದಿತು. ಆ ಅಫೆನ್ಸ್ ದೇಶದ ನಿಧಾನದ ಅಫೆನ್ಸ್‌ಗಳ ಸಾಲಿನಲ್ಲಿತ್ತು.